ಪರದೆಯ ಮೇಲಿನ ಕೆಲಸ: ಇಂಟರಾಕ್ಷನ್ ಡಿಸೈನ್ ಕುರಿತು ಓದುಗರ ಪ್ರಶ್ನೆಗಳು

ಆ್ಯಪ್, ವೆಬ್‌ಸೈಟ್‌ಗಳನ್ನು ಜನ ಬಳಸುವ ಬಗೆಯನ್ನು ರೂಪಿಸುವ ಕೆಲಸದ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಲು ಓದುಗರನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಕೆಲಸ ಮಾಡುತ್ತಿರುವವರದ್ದೇ. ಆದ್ದರಿಂದ ಉತ್ತರಗಳೂ ಕೈಗೆ ಹತ್ತುವಂತಿರಲಿ ಎಂದು ಕೆಲವನ್ನು ವಿವರವಾಗಿಯೇ ಬರೆದಿದ್ದೇವೆ.

ಪ್ರಶ್ನೆ: ನಮ್ಮ ಬಸ್ ಟಿಕೆಟ್ ಆ್ಯಪ್ ಪೂರ್ತಿ ಇಂಗ್ಲಿಷಿನಲ್ಲಿ ವಿನ್ಯಾಸವಾಗಿತ್ತು. ಈಗ ಕನ್ನಡ ಸೇರಿಸಿದ್ದೇವೆ. ‘ಮಂಡ್ಯ ಗೆ ಟಿಕೆಟ್’ ಎಂದು ಬರುತ್ತಿದೆ, ಒತ್ತಕ್ಷರಗಳು ಅರ್ಧಕ್ಕೇ ಕತ್ತರಿಸಿ ಹೋಗುತ್ತಿವೆ, ಬಟನ್ ಒಳಗೆ ಪದ ಹಿಡಿಸುತ್ತಿಲ್ಲ. ಎಲ್ಲಿಂದ ಸರಿಪಡಿಸುವುದು? (ಹುಬ್ಬಳ್ಳಿ)

ವಾಕ್ಯಗಳಿಂದ ಶುರುಮಾಡಿ, ಅಕ್ಷರದ ಅಳತೆ ಆಮೇಲೆ. ಇಂಗ್ಲಿಷಿನಲ್ಲಿ ಊರಿನ ಹೆಸರಿಗೆ ಮುಂಚೆ ಒಂದು ಪದ ಸೇರಿಸಿದರೆ ಸಾಕು, ಹೆಸರು ಇದ್ದಂತೆಯೇ ಇರುತ್ತದೆ. ಕನ್ನಡದಲ್ಲಿ ಪ್ರತ್ಯಯ ಹೆಸರಿಗೇ ಅಂಟುತ್ತದೆ, ಹೆಸರಿನ ಕೊನೆ ನೋಡಿಕೊಂಡು ರೂಪ ಬದಲಿಸುತ್ತದೆ: ಮಂಡ್ಯಕ್ಕೆ, ಮೈಸೂರಿಗೆ, ಹುಬ್ಬಳ್ಳಿಗೆ, ಹಾಸನದಿಂದ, ಬೆಂಗಳೂರಿನಿಂದ, ಶಿರಸಿಯಿಂದ. ಖಾಲಿ ಜಾಗದಲ್ಲಿ ಹೆಸರು ತುಂಬಿ ಪಕ್ಕದಲ್ಲಿ ‘ಗೆ’ ಇಟ್ಟರೆ ಸರಿಹೋಗುವ ಮಾತೇ ಇಲ್ಲ. ಇದಕ್ಕೆ ದಾರಿ ಎರಡು. ಒಂದು, ಹೆಸರು ಒಂಟಿಯಾಗಿ ನಿಲ್ಲುವಂತೆ ಪರದೆಯನ್ನೇ ಬದಲಿಸುವುದು: ‘ಹೊರಡುವ ಊರು: ಹಾಸನ’, ‘ತಲುಪುವ ಊರು: ಮಂಡ್ಯ’. ಇನ್ನೊಂದು, ಊರುಗಳ ಪಟ್ಟಿಯಲ್ಲೇ ಪ್ರತಿ ಊರಿಗೂ ಮೂರು ರೂಪ ಬರೆದಿಡುವುದು: ಮಂಡ್ಯಕ್ಕೆ, ಮಂಡ್ಯದಿಂದ, ಮಂಡ್ಯದಲ್ಲಿ. ನಿಲ್ದಾಣಗಳ ಪಟ್ಟಿಗೆ ಕೊನೆ ಇರುವುದರಿಂದ ಈ ಎರಡನೆಯ ದಾರಿ ಬಸ್ ಆ್ಯಪ್‌ಗೆ ಸಾಧ್ಯ, ಓದಲೂ ಹಿತ. ಆದರೆ ಜನರ ಹೆಸರುಗಳನ್ನು ಪಟ್ಟಿ ಮಾಡಲು ಬರುವುದಿಲ್ಲ. ಅಲ್ಲಿ ‘ಪ್ರಯಾಣಿಕರು: ಸುರೇಶ್’ ಎಂಬ ಒಂಟಿ ರೂಪವೇ ಸುರಕ್ಷಿತ. ಕ್ರಿಯಾಪದಕ್ಕೆ ‘ಸೇರಿದ್ದಾರೆ’, ‘ಕಳುಹಿಸಿದ್ದಾರೆ’ ಎಂಬ ಗೌರವದ ರೂಪ ಇಟ್ಟರೆ ಹೆಣ್ಣು–ಗಂಡಿನ ಗೊಂದಲವೂ ತಪ್ಪುತ್ತದೆ.

ಸಂಖ್ಯೆಯ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಸಾಫ್ಟ್‌ವೇರ್‌ಗಳು ಬಳಸುವ ಯೂನಿಕೋಡ್ ಭಾಷಾ ನಿಯಮಗಳಲ್ಲಿ (ಸಿಎಲ್‌ಡಿಆರ್) ಕನ್ನಡಕ್ಕೆ ಏಕವಚನ, ಬಹುವಚನ ಎಂಬ ಎರಡು ವರ್ಗಗಳಿವೆ. ಸೊನ್ನೆ ಏಕವಚನದ ವರ್ಗಕ್ಕೆ ಸೇರುತ್ತದೆ. ನಿಮ್ಮ ಏಕವಚನದ ವಾಕ್ಯದಲ್ಲಿ ‘ಒಂದು ಸೀಟು ಉಳಿದಿದೆ’ ಎಂದು ಅಕ್ಷರದಲ್ಲೇ ಬರೆದಿಟ್ಟಿದ್ದರೆ, ಬಸ್ ತುಂಬಿದಾಗಲೂ ಪರದೆ ‘ಒಂದು ಸೀಟು ಉಳಿದಿದೆ’ ಎನ್ನುತ್ತದೆ. ಸಂಖ್ಯೆಯನ್ನು ವಾಕ್ಯದೊಳಗೆ ಚರವಾಗಿಯೇ (ತಾನಾಗಿ ಬದಲಾಗುವ ಅಂಕಿಯಾಗಿ) ಇಡಿ, ಸೊನ್ನೆಗೆ ಬೇರೆ ವಾಕ್ಯ ಬರೆಯಿರಿ.

ಈಗ ಕತ್ತರಿಸುವ ಒತ್ತಕ್ಷರಗಳು. ಕನ್ನಡದ ಸಾಲು ಮೇಲಕ್ಕೂ ಕೆಳಕ್ಕೂ ಇಂಗ್ಲಿಷಿಗಿಂತ ಹೆಚ್ಚು ಜಾಗ ಕೇಳುತ್ತದೆ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಎತ್ತರದಲ್ಲಿ (ಅಕ್ಷರದ ಗಾತ್ರದ 1.2 ಪಟ್ಟು) ‘ರಾಷ್ಟ್ರೀಯ’ ಎಂದು ಬರೆದು ನೋಡಿ, ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕನ್ನಡಕ್ಕೆ 1.6ರಿಂದ ಶುರುಮಾಡಿ. ಗಾತ್ರವೂ ಹಾಗೆಯೇ: ಇಂಗ್ಲಿಷಿನಲ್ಲಿ 12 ಪಿಕ್ಸೆಲ್ ಓದಿಸಿಕೊಂಡರೂ ಕನ್ನಡದಲ್ಲಿ ಕ–ತ, ಪ–ಷ ಕಲಸಿಹೋಗುತ್ತವೆ. ಸಣ್ಣ ಟಿಪ್ಪಣಿಗೂ 14, ಮುಖ್ಯ ಪಠ್ಯಕ್ಕೆ 16 ಇರಲಿ. ಬಟನ್‌ಗೆ ನಿಗದಿತ ಎತ್ತರ ಕೊಡಬೇಡಿ. ಕನಿಷ್ಠ ಎತ್ತರ ಕೊಟ್ಟು, ಪದದ ಸುತ್ತ ಅಂಚಿನ ಜಾಗ ಕೊಟ್ಟು, ಬೇಕಾದರೆ ಎರಡು ಸಾಲಿಗೆ ಬೆಳೆಯಲು ಬಿಡಿ. ಚೌಕಟ್ಟಿನಾಚೆ ಚಾಚಿದ್ದನ್ನು ಮರೆಮಾಡುವ ‘ಓವರ್‌ಫ್ಲೋ ಹಿಡನ್’ ಎಂಬ ಒಂದು ಸಾಲು ಕೋಡ್ ಎಲ್ಲೋ ಮೂಲೆಯಲ್ಲಿ ಉಳಿದಿರುತ್ತದೆ, ಅರ್ಧ ಒತ್ತಕ್ಷರಗಳಿಗೆ ಬಹುಪಾಲು ಅದೇ ಕಾರಣ. ದಪ್ಪ ಕ್ಯಾಪಿಟಲ್ ಅಕ್ಷರಗಳಿಂದ ಶೀರ್ಷಿಕೆಯನ್ನು ಎದ್ದು ಕಾಣಿಸುವ ಇಂಗ್ಲಿಷಿನ ಉಪಾಯ ಇಲ್ಲಿ ಸತ್ತುಹೋಗುತ್ತದೆ, ಏಕೆಂದರೆ ನಮ್ಮಲ್ಲಿ ಕ್ಯಾಪಿಟಲ್ ಇಲ್ಲ. ಆ ಕೆಲಸವನ್ನು ದಪ್ಪ, ಗಾತ್ರ, ಬಣ್ಣಗಳಿಗೆ ವಹಿಸಬೇಕು. ಅದಕ್ಕೆ ಹಲವು ದಪ್ಪಗಳಿರುವ ಫಾಂಟ್ ಬೇಕು. ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡ ಎರಡರಲ್ಲೂ ಅವು ಇವೆ, ಎರಡೂ ಉಚಿತ.

ಡೆವಲಪರ್ ಜೊತೆ ಕೂತು ನೋಡಬೇಕಾದದ್ದು ಇನ್ನೊಂದಿದೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದು ಅಕ್ಷರ, ಯೂನಿಕೋಡ್‌ನಲ್ಲಿ ಆರು: ಸ, ವಿರಾಮ (ಸ್ವರ ತೆಗೆಯುವ ಚಿಹ್ನೆ), ತ, ವಿರಾಮ, ರ, ಈ-ಕಾರದ ಚಿಹ್ನೆ. ಹೆಸರಿಗೆ 20 ಅಕ್ಷರದ ಮಿತಿ ಹಾಕಿದರೆ ಇಂಗ್ಲಿಷಿನಲ್ಲಿ ಸಲೀಸಾಗಿ ಹಿಡಿಸುವ ಹೆಸರು ಕನ್ನಡದಲ್ಲಿ ನಡುವೆಯೇ ತುಂಡಾಗುತ್ತದೆ. ಪ್ರೊಫೈಲ್‌ನ ದುಂಡು ಚಿತ್ರದಲ್ಲಿ ಮೊದಲ ಅಕ್ಷರ ತೋರಿಸುವ ಆ್ಯಪ್‌ಗಳಲ್ಲಿ ಶ್ರೀನಿವಾಸರ ಹೆಸರು ‘ಶ’ ಆಗಿಬಿಡುತ್ತದೆ. ವ್ಯಂಜನ, ಅದರ ಬೆನ್ನಿಗೆ ಬರುವ ವಿರಾಮ–ವ್ಯಂಜನ ಜೋಡಿಗಳು, ಸ್ವರಚಿಹ್ನೆ, ಇಷ್ಟನ್ನೂ ಒಂದು ಘಟಕವಾಗಿ ಎಣಿಸುವ ಪುಟ್ಟ ನಿಯಮ ಬರೆಯಿಸಿ. ಹುಡುಕಾಟದಲ್ಲಿ ಕಣ್ಣಿಗೆ ಕಾಣದ ಜೋಡಕಗಳನ್ನು ತೆಗೆದುಹಾಕಿ, ಎರಡು ಕಡೆಯ ಪಠ್ಯವನ್ನೂ ಒಂದೇ ಯೂನಿಕೋಡ್ ರೂಪಕ್ಕೆ ತಂದು ಹೋಲಿಸಬೇಕು. ‘ಕೋ’ ಎಂಬುದನ್ನು ಒಂದೇ ಸ್ವರಚಿಹ್ನೆಯಲ್ಲೂ ಬರೆಯಬಹುದು, ಮೂರು ತುಂಡುಗಳಲ್ಲೂ ಬರೆಯಬಹುದು. ಕಣ್ಣಿಗೆ ವ್ಯತ್ಯಾಸವಿಲ್ಲ, ಕಂಪ್ಯೂಟರಿಗೆ ಎರಡೂ ಬೇರೆ. ಲ–ಳ, ನ–ಣ, ಶ–ಷ, ಅಲ್ಪಪ್ರಾಣ–ಮಹಾಪ್ರಾಣ ಅದಲುಬದಲಾದರೂ ಊರು ಸಿಗುವಂತಿರಲಿ. ಇಂಗ್ಲಿಷ್ ಲಿಪಿಯಲ್ಲಿ ಟೈಪ್ ಮಾಡಿದರೂ ಕನ್ನಡದ ಊರು ಬರಬೇಕು, ಬಹಳ ಜನ ಟೈಪ್ ಮಾಡುವುದೇ ಹಾಗೆ.

ಟಿಕೆಟ್ಟಿನ ಎಸ್‌ಎಂಎಸ್ ಮರೆಯಬೇಡಿ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದ ಒಂದೇ ಒಂದು ಅಕ್ಷರ ಬಂದರೂ ಮಿತಿ 70ಕ್ಕೆ ಇಳಿಯುತ್ತದೆ. ಅದನ್ನೂ ಮೀರಿದರೆ ಸಂದೇಶ ತಲಾ 67ರ ತುಂಡುಗಳಾಗುತ್ತದೆ, ತುಂಡಿಗೊಂದರಂತೆ ಬಿಲ್ಲೂ ಬರುತ್ತದೆ. ಬಸ್ ಸಂಖ್ಯೆ, ಸಮಯ, ಹತ್ತುವ ಜಾಗ ಮೊದಲ ತುಂಡಿನಲ್ಲೇ ಇರಲಿ.

ಮುಂದಿನ ಆವೃತ್ತಿಗಾದರೂ ವಿನ್ಯಾಸದ ತಂತ್ರಾಂಶವಾದ ಫಿಗ್ಮಾದಲ್ಲಿ ಮೊದಲ ಪರದೆಯನ್ನೇ ಕನ್ನಡದಲ್ಲಿ ಎಳೆಯಿರಿ. ಕನ್ನಡ ಹಿಡಿಸಿದ ಚೌಕಟ್ಟಿನಲ್ಲಿ ಇಂಗ್ಲಿಷ್ ತಾನಾಗಿ ಹಿಡಿಸುತ್ತದೆ.

ಪ್ರಶ್ನೆ: ಕಾಲೇಜು ಶುಲ್ಕ ಕಟ್ಟುವ ಪುಟ ನಮ್ಮ ಹೊಣೆ. ಯುಪಿಐ ಹಣ ಕಡಿತವಾಗಿ, ನಮ್ಮ ಪುಟಕ್ಕೆ ಉತ್ತರ ಬಾರದೆ ಇದ್ದಾಗ ಪೋಷಕರು ಗಾಬರಿಯಿಂದ ಎರಡನೇ ಸಲ ಕಟ್ಟಿಬಿಡುತ್ತಾರೆ. ಪರದೆಯಲ್ಲಿ ಏನು ತೋರಿಸಬೇಕು? (ದಾವಣಗೆರೆ)

ಯಶಸ್ಸು, ವಿಫಲ ಎಂಬ ಎರಡೇ ಪರದೆಗಳನ್ನು ವಿನ್ಯಾಸ ಮಾಡಿ, ಮೂರನೆಯದನ್ನು ಸುತ್ತುವ ಚಕ್ರಕ್ಕೆ ಬಿಟ್ಟಿರುವುದೇ ಈ ಗಾಬರಿಯ ಮೂಲ. ‘ಇನ್ನೂ ಗೊತ್ತಾಗಿಲ್ಲ’ ಎಂಬುದು ಒಂದು ಸ್ಥಿತಿ. ಅದಕ್ಕೆ ಅದರದೇ ಪರದೆ ಬೇಕು, ಮೂರರಲ್ಲಿ ಹೆಚ್ಚು ಶ್ರಮ ಬೇಡುವುದೂ ಅದೇ.

ಸಮಯದ ಲೆಕ್ಕ ಹೀಗೆ. ಬೆರಳು ಒತ್ತಿದ 0.1 ಸೆಕೆಂಡಿನೊಳಗೆ ಬಟನ್ ಬದಲಾಗಿ ಕಾಣಬೇಕು, ಇಲ್ಲದಿದ್ದರೆ ಮತ್ತೆ ಒತ್ತುತ್ತಾರೆ. 1 ಸೆಕೆಂಡ್ ದಾಟಿದರೆ ಏನೋ ನಡೆಯುತ್ತಿದೆ ಎಂದು ತೋರಿಸಬೇಕು. 10 ಸೆಕೆಂಡ್ ದಾಟಿದರೆ ಗಮನ ಬೇರೆಡೆ ಹೋಗುತ್ತದೆ, ಆಮೇಲೆ ಚಕ್ರ ಸುತ್ತಿಸಿ ಪ್ರಯೋಜನವಿಲ್ಲ. ಈ ಮೂರು ಮಿತಿಗಳನ್ನು ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 1993ರಲ್ಲಿ ಒಟ್ಟಾಗಿ ಮಂಡಿಸಿದರು, ಇವತ್ತಿಗೂ ಅವು ಕೆಲಸಕ್ಕೆ ಬರುತ್ತವೆ. 10 ಸೆಕೆಂಡಿನ ನಂತರ ಚಕ್ರ ತೆಗೆದು ಮಾತು ಹಾಕಿ:

‘₹18,500 ನಿಮ್ಮ ಖಾತೆಯಿಂದ ಕಡಿತವಾಗಿರಬಹುದು. ಬ್ಯಾಂಕಿನಿಂದ ನಮಗೆ ಇನ್ನೂ ಉತ್ತರ ಬಂದಿಲ್ಲ. ದಯವಿಟ್ಟು ಮತ್ತೆ ಕಟ್ಟಬೇಡಿ. ಈ ಪುಟ ಮುಚ್ಚಿದರೂ ತೊಂದರೆಯಿಲ್ಲ, ಫಲಿತಾಂಶವನ್ನು ಎಸ್‌ಎಂಎಸ್ ಮಾಡುತ್ತೇವೆ.’

ಅದರ ಕೆಳಗೆ ಸಮಯ, ವಿದ್ಯಾರ್ಥಿಯ ಹೆಸರು, ಸಿಕ್ಕಿದ್ದರೆ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ ಇರಲಿ. ಆ ಸಂಖ್ಯೆಯನ್ನು ಒಂದೇ ಒತ್ತಿಗೆ ನಕಲು ಮಾಡುವಂತಿರಲಿ, ಬ್ಯಾಂಕಿಗೆ ಫೋನ್ ಮಾಡಿದರೆ ಮೊದಲು ಕೇಳುವುದೇ ಅದನ್ನು. ಮುಖ್ಯ ಬಟನ್ ‘ಸ್ಥಿತಿ ನೋಡಿ’ ಆಗಿರಬೇಕು. ಈ ಪರದೆಯಲ್ಲಿ ‘ಮತ್ತೆ ಪ್ರಯತ್ನಿಸಿ’ ಇಟ್ಟರೆ ಎರಡನೇ ಪಾವತಿಗೆ ನೀವೇ ಕರೆದಂತೆ. ಕೆಂಪು ಬಣ್ಣ ಬೇಡ, ಹಸಿರೂ ಬೇಡ.

ಹಣ ಯಾವಾಗ ವಾಪಸ್ ಬರುತ್ತದೆ ಎಂಬುದನ್ನೂ ಹೇಳಿ. ಅದಕ್ಕೆ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯೇ ಆಧಾರ. ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿಯಲ್ಲಿ ಖಾತೆಯಿಂದ ಹಣ ಹೋಗಿ ದೃಢೀಕರಣ ಬಾರದಿದ್ದರೆ, ವಹಿವಾಟಿನ ದಿನದಿಂದ 5 ದಿನದೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ. ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಹಣಕ್ಕಾದರೆ 1 ದಿನ. ‘ಕೆಲವು ದಿನಗಳಲ್ಲಿ ಬರಬಹುದು’ ಎಂಬ ಮಾತಿಗಿಂತ ತಾರೀಖು ಬರೆದರೆ ನಿಮ್ಮ ಫೋನಿಗೆ ಬರುವ ಕರೆಗಳೂ ಕಡಿಮೆಯಾಗುತ್ತವೆ.

ಪರದೆಯ ಹಿಂದೆ ಎರಡು ಕೆಲಸ ಆಗದಿದ್ದರೆ ಮೇಲಿನದೆಲ್ಲ ಅಲಂಕಾರವಷ್ಟೆ. ಒಂದು ಶುಲ್ಕಕ್ಕೆ ಒಂದೇ ಗುರುತು ಸಂಖ್ಯೆ ಇರಬೇಕು. ಅದು ಬಾಕಿ ಸ್ಥಿತಿಯಲ್ಲಿರುವಾಗ ಅದೇ ಶುಲ್ಕಕ್ಕೆ ಹೊಸ ಪಾವತಿಯನ್ನು ಸರ್ವರ್ ತೆರೆಯಬಾರದು. ಮತ್ತೆ, ಫೋನ್ ಹೇಳಿದ ಉತ್ತರವನ್ನು ನಂಬಬಾರದು. ಪೋಷಕರು ಯುಪಿಐ ಆ್ಯಪ್‌ಗೆ ಹೋಗಿ ಮರಳುವಷ್ಟರಲ್ಲಿ ಕಡಿಮೆ ಮೆಮೊರಿಯ ಫೋನ್ ನಿಮ್ಮ ಪುಟವನ್ನು ಮುಚ್ಚಿರುತ್ತದೆ, ಅಲ್ಲಿಗೆ ಯಾವ ಉತ್ತರವೂ ಬರುವುದಿಲ್ಲ. ನಿಮ್ಮ ಸರ್ವರೇ ಪಾವತಿ ಸಂಸ್ಥೆಯನ್ನು ಕೇಳಿ ತಿಳಿಯಬೇಕು. ಪುಟ ಮತ್ತೆ ತೆರೆದಾಗ ಮೊದಲು ಕಾಣಬೇಕಾದದ್ದು ಆ ಬಾಕಿ ಪಾವತಿ. ಖಾಲಿ ಫಾರಂ ಕಂಡರೆ ಅವರು ಮತ್ತೆ ತುಂಬುತ್ತಾರೆ.

ಪ್ರಶ್ನೆ: ‘ಎಲ್ಲ ಪರದೆ ತೆಗೆದು ಎಐ ಚಾಟ್ ಇಟ್ಟುಬಿಡೋಣ, ಜನ ಕೇಳಿದರೆ ಟಿಕೆಟ್ ಬುಕ್ ಆಗಲಿ’ ಎನ್ನುತ್ತಿದ್ದಾರೆ ನಮ್ಮ ಮುಖ್ಯಸ್ಥರು. ಇದು ಸರಿಯೇ? (ಬೆಂಗಳೂರು)

ಮಾತಿನಲ್ಲಿ ಕೇಳುವ ದಾರಿ ಇರಲಿ. ಅದೊಂದೇ ದಾರಿ ಆಗುವುದನ್ನು ಮಾತ್ರ ನಾವು ಒಪ್ಪುವುದಿಲ್ಲ. ಖಾಲಿ ಪೆಟ್ಟಿಗೆ ತಾನು ಏನು ಮಾಡಬಲ್ಲೆ ಎಂದು ಹೇಳುವುದಿಲ್ಲ. ಸೀಟುಗಳ ನಕ್ಷೆ ಒಂದೇ ನೋಟಕ್ಕೆ ಹೇಳುವುದನ್ನು ಚಾಟ್ ಹತ್ತು ವಾಕ್ಯದಲ್ಲಿ ಹೇಳುತ್ತದೆ.

ಇನ್ನು ಸಮಯದ ಮಾತು. ‘ನಾಳಿದ್ದು ಏಳೂವರೆಗೆ’ ಎಂದರೆ ಬೆಳಿಗ್ಗೆಯೋ ರಾತ್ರಿಯೋ? ‘ಹತ್ತೂ ಮುಕ್ಕಾಲು’ 10:45 ಎಂದು ಯಂತ್ರಕ್ಕೆ ಹೊಳೆಯಿತೇ? ಎಲ್ಲಕ್ಕಿಂತ ಅಪಾಯ ನಡುರಾತ್ರಿಯ ಬಸ್ಸು. ‘ಶನಿವಾರ ರಾತ್ರಿ ಹನ್ನೆರಡೂ ಕಾಲಿನ ಬಸ್’ ಎಂದು ಜನ ಹೇಳುವುದು ಕ್ಯಾಲೆಂಡರಿನಲ್ಲಿ ಭಾನುವಾರ 12:15. ಶನಿವಾರದ ದಿನಾಂಕ ತೆಗೆದುಕೊಂಡರೆ 24 ಗಂಟೆ ಮೊದಲಿನ ಬಸ್ಸಿಗೆ ಟಿಕೆಟ್ ಆಗುತ್ತದೆ, ಪ್ರಯಾಣಿಕರು ನಿಲ್ದಾಣಕ್ಕೆ ಬರುವಾಗ ಅದು ಹೋಗಿ ಒಂದು ದಿನವಾಗಿರುತ್ತದೆ. ಇದು ಚಾಟ್ ಇಲ್ಲದ ಆ್ಯಪ್‌ಗಳಲ್ಲೂ ಇರುವ ತೊಡಕು. ‘ಶನಿವಾರ ನಡುರಾತ್ರಿ ಕಳೆದು ಭಾನುವಾರ 12:15’ ಎಂದು ಎರಡೂ ದಿನಗಳ ಹೆಸರು ಬರೆಯುವುದೇ ಪರಿಹಾರ.

ಆದ್ದರಿಂದ ಯಂತ್ರ ಅರ್ಥಮಾಡಿಕೊಂಡದ್ದನ್ನು ತಿದ್ದಲು ಬರುವ ಚೌಕಗಳಲ್ಲಿ ತೋರಿಸಿ: ಊರು, ದಿನ, ಸಮಯ, ಸೀಟು. ತಪ್ಪಾದ ಚೌಕವೊಂದನ್ನೇ ಒತ್ತಿ ಬದಲಿಸುವಂತಿರಲಿ, ಪೂರ್ತಿ ವಾಕ್ಯವನ್ನು ಮತ್ತೆ ಹೇಳಿಸಬೇಡಿ. ಹುಡುಕುವುದು, ಹೋಲಿಸುವುದು ಯಂತ್ರ ತಾನಾಗಿ ಮಾಡಲಿ. ಹಣ ಹೋಗುವ ಹೆಜ್ಜೆಯಲ್ಲಿ ಮನುಷ್ಯರ ಬೆರಳು ಬೇಕೇ ಬೇಕು. ಉತ್ತರ ಬರುತ್ತಿರುವಾಗ ನಿಲ್ಲಿಸುವ ಬಟನ್, ಆದ ಮೇಲೆ ರದ್ದುಮಾಡುವ ದಾರಿ, ಎರಡೂ ಕಣ್ಣೆದುರಿಗಿರಲಿ.

ಪ್ರಶ್ನೆ: ಐದು ಜನರ ಮೇಲೆ ಪರೀಕ್ಷೆ ಮಾಡಿದರೆ ಸಾಕು ಎನ್ನುತ್ತಾರೆ. ನಿಜವೇ? ಮಾಡುವುದು ಹೇಗೆ? (ಶಿವಮೊಗ್ಗ)

ಒಬ್ಬ ಬಳಕೆದಾರರ ಪರೀಕ್ಷೆಯಲ್ಲಿ ಸರಾಸರಿ 31% ತೊಡಕುಗಳು ಕಾಣುತ್ತವೆ ಎಂಬ ನೀಲ್ಸನ್ ಮತ್ತು ಲ್ಯಾಂಡವರ್ ಅವರ ಲೆಕ್ಕದಿಂದ ಬಂದದ್ದು ಈ ಐದು. ಐವರಾಗುವಷ್ಟರಲ್ಲಿ ಸುಮಾರು 85% ಕಾಣುತ್ತವೆ. ಐವರೂ ಒಂದೇ ಬಗೆಯ ಬಳಕೆದಾರರಾಗಿದ್ದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಕಾಲೇಜು ಹುಡುಗರೂ ಸಂತೆಗೆ ಬರುವ ರೈತರೂ ಬಳಸುವ ಆ್ಯಪ್ ಆದರೆ ಎರಡು ಗುಂಪಿಗೂ ಬೇರೆ ಬೇರೆ ಐವರು ಬೇಕು. ಐವರಲ್ಲಿ ಮೂವರು ಎಡವಿದರೆ ‘60% ಜನ ಎಡವುತ್ತಾರೆ’ ಎಂದು ವರದಿಯಲ್ಲಿ ಬರೆಯಬೇಡಿ, ಅಷ್ಟು ಸಣ್ಣ ಸಂಖ್ಯೆಗೆ ಆ ಶಕ್ತಿ ಇಲ್ಲ. ಹತ್ತು ಜನರನ್ನು ಒಟ್ಟಿಗೆ ಕರೆಯುವುದಕ್ಕಿಂತ ಐವರು, ತಿದ್ದುಪಡಿ, ಮತ್ತೆ ಐವರು ಎಂಬ ಕ್ರಮ ಒಳ್ಳೆಯದು.

ನಮ್ಮಲ್ಲಿ ಒಂದು ವಿಶೇಷ ತೊಂದರೆಯಿದೆ: ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ ಸರ್’ ಎನ್ನುತ್ತಾರೆ. ಎದುರಿಗಿರುವವರ ಮನಸ್ಸು ನೋಯಿಸಬಾರದೆಂಬ ಸೌಜನ್ಯ ಅದು. ಅಭಿಪ್ರಾಯ ಕೇಳದೆ ಕೆಲಸ ಕೊಡಿ. ‘ನಾಳೆ ಬೆಳಿಗ್ಗೆ ನೀವೂ ನಿಮ್ಮ ತಾಯಿಯೂ ಸಾಗರಕ್ಕೆ ಹೋಗಬೇಕು, ಇದರಲ್ಲಿ ಮಾಡಿ ತೋರಿಸಿ’ ಎನ್ನಿ. ಬಟನ್ ಮೇಲಿರುವ ಪದ ನಿಮ್ಮ ಬಾಯಿಂದ ಬರಬಾರದು, ಬಂದರೆ ಉತ್ತರ ಹೇಳಿಕೊಟ್ಟಂತೆ. ಅವರು ತಡವರಿಸಿದಾಗ ಸುಮ್ಮನಿರಿ. ಈ ಕೆಲಸದಲ್ಲಿ ಕಷ್ಟದ ಭಾಗ ಅದೇ. ‘ಈಗ ಏನು ಯೋಚಿಸುತ್ತಿದ್ದೀರಿ?’ ಎಂಬುದಕ್ಕಿಂತ ಹೆಚ್ಚು ಕೇಳಬೇಡಿ. ಸಾಧ್ಯವಾದರೆ ಅವರದೇ ಫೋನಿನಲ್ಲಿ, ಅವರದೇ ಡೇಟಾದಲ್ಲಿ ಮಾಡಿಸಿ. ವಯಸ್ಸಾದವರು ಅಕ್ಷರದ ಗಾತ್ರ ದೊಡ್ಡದು ಮಾಡಿಕೊಂಡಿರುತ್ತಾರೆ, ಆಂಡ್ರಾಯ್ಡ್ 14ರಿಂದ ಅದು 200%ವರೆಗೂ ಹೋಗುತ್ತದೆ. ನಿಮ್ಮ ಮೇಜಿನ ಮೇಲೆ ಸರಿಯಿದ್ದ ಬಟನ್ ಅಲ್ಲಿ ಪರದೆಯ ಆಚೆ ಹೋಗಿರುತ್ತದೆ.

ಪ್ರಶ್ನೆ: ಪ್ರಯಾಣ ವಿಮೆಯ ಚೌಕಕ್ಕೆ ಮೊದಲೇ ಟಿಕ್ ಹಾಕಿಡಿ ಎಂದು ಮೇಲಿನವರ ಆದೇಶ. ಬೇಡ ಎನ್ನಲು ನನ್ನ ಬಳಿ ಏನು ಆಧಾರ ಇದೆ? (ಮಂಗಳೂರು)

ಕಾನೂನೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳ (ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳ) ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ 13 ಬಗೆಗಳನ್ನು ಹೆಸರಿಸಲಾಗಿದೆ. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಅವುಗಳಲ್ಲೊಂದು, ವಿಮಾನದ ಟಿಕೆಟ್ ಜೊತೆ ತಾನಾಗಿ ಸೇರುವ ಪ್ರಯಾಣ ವಿಮೆ ಅದಕ್ಕೆ ಕೊಟ್ಟ ಉದಾಹರಣೆಗಳಲ್ಲಿದೆ. ವಿಮೆ ಬೇಡ ಎನ್ನುವವರಿಗೆ ‘ನಾನು ಅಸುರಕ್ಷಿತವಾಗಿಯೇ ಇರುತ್ತೇನೆ’ ಎಂದು ಒತ್ತಿಸುವುದೂ ಆ ಪಟ್ಟಿಯಲ್ಲಿದೆ. 2025ರ ಜೂನ್‌ನಲ್ಲಿ ಪ್ರಾಧಿಕಾರವು ಇ-ಕಾಮರ್ಸ್ ಕಂಪನಿಗಳಿಗೆ 3 ತಿಂಗಳಲ್ಲಿ ತಮ್ಮ ಪರದೆಗಳನ್ನು ತಾವೇ ತಪಾಸಣೆ ಮಾಡಿಕೊಳ್ಳಲು ಸೂಚಿಸಿತ್ತು. ಈ ಎರಡು ದಾಖಲೆಗಳನ್ನು ನಿಮ್ಮ ಪರದೆಯ ಚಿತ್ರದ ಪಕ್ಕದಲ್ಲಿಟ್ಟು ಮೇಲಿನವರಿಗೂ ಕಾನೂನು ವಿಭಾಗಕ್ಕೂ ಒಂದೇ ಮೇಲ್‌ನಲ್ಲಿ ಕಳುಹಿಸಿ. ಜೊತೆಗೆ ಬದಲಿ ವಿನ್ಯಾಸವೂ ಇರಲಿ: ‘ವಿಮೆ ಬೇಕು’, ‘ವಿಮೆ ಬೇಡ’ ಎಂಬ ಸಮಾನ ಗಾತ್ರದ ಎರಡು ಆಯ್ಕೆ, ಯಾವುದಕ್ಕೂ ಮೊದಲೇ ಗುರುತಿಲ್ಲ, ಪಕ್ಕದಲ್ಲಿ ಬೆಲೆ.

ಪ್ರಶ್ನೆ: ಲಾಗಿನ್ ಪುಟದಲ್ಲೇ ಹಿರಿಯರು ಸೋತುಬಿಡುತ್ತಾರೆ. ಒಟಿಪಿ ತುಂಬಲು ಆಗುವುದಿಲ್ಲ, ಹೆಸರಿನ ಫಾರಂ ತಪ್ಪು ಎನ್ನುತ್ತದೆ. (ಮೈಸೂರು)

ಒಟಿಪಿಗೆ ಆರು ಪುಟ್ಟ ಚೌಕ ನೋಡಲು ಚೆಂದ, ಬಳಸಲು ಕಷ್ಟ. ನಕಲಿಸಿದ ಸಂಖ್ಯೆ ಮೊದಲ ಚೌಕದಲ್ಲೇ ನಿಲ್ಲುತ್ತದೆ, ಒಂದು ಅಂಕಿ ತಪ್ಪಿದರೆ ಹಿಂದಕ್ಕೆ ಹೋಗಲು ಬರುವುದಿಲ್ಲ, ದೃಷ್ಟಿ ಇಲ್ಲದವರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಆರು ಬೇರೆ ಬೇರೆ ಪೆಟ್ಟಿಗೆ ಓದುತ್ತದೆ. ಅಂಕಿ ಕೀಲಿಮಣೆ ತೆರೆಯುವ ಒಂದೇ ಅಗಲ ಪೆಟ್ಟಿಗೆ ಇಡಿ, ಎಸ್‌ಎಂಎಸ್‌ನಿಂದ ತಾನಾಗಿ ತುಂಬುವ ‘ಒನ್ ಟೈಮ್ ಕೋಡ್’ ಸೂಚನೆಯನ್ನು ಕೋಡ್‌ನಲ್ಲಿ ಸೇರಿಸಿ. ತಪ್ಪಾದರೆ ತುಂಬಿದ್ದನ್ನು ಅಳಿಸಬೇಡಿ. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯೂಸಿಎಜಿ 2.2 (ಅಂಗವಿಕಲರೂ ವೆಬ್ ಬಳಸುವಂತಿರಲು ರೂಪಿಸಿದ) ಮಾನದಂಡದ ಪ್ರಕಾರ ಲಾಗಿನ್ ಆಗಲು ನೆನಪಿನ ಪರೀಕ್ಷೆಯೊಂದೇ ದಾರಿಯಾಗಬಾರದು, ಹಾಗಾಗಿ ಪೇಸ್ಟ್ ಮಾಡುವುದನ್ನು ತಡೆಯುವುದು ತಪ್ಪು. ಬೆರಳು ತಾಗುವ ಜಾಗ ಕನಿಷ್ಠ 24 ಪಿಕ್ಸೆಲ್ ಎಂದೂ ಅದು ಹೇಳುತ್ತದೆ. ನಡುಗುವ ಬೆರಳಿಗೆ ಅದು ಸಾಲದು, ಆಂಡ್ರಾಯ್ಡ್ ಮಾರ್ಗಸೂಚಿಯ 48ನ್ನೇ ಹಿಡಿಯಿರಿ.

ಹೆಸರಿನ ಫಾರಂನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡನ್ನೂ ಕಡ್ಡಾಯ ಮಾಡಿರಬೇಕು. ‘ಕೆ.’ ಎಂಬ ಇನಿಷಿಯಲ್ ಊರಿನದೋ ತಂದೆಯದೋ ಆಗಿರುವವರು ಕೊನೆಯ ಹೆಸರಿನಲ್ಲಿ ಏನು ಬರೆಯಬೇಕು? ಚುಕ್ಕೆ ಹಾಕಿದರೆ ಬೇಡ ಎನ್ನುತ್ತದೆ, ಒಂದೇ ಅಕ್ಷರ ಸಾಲದು ಎನ್ನುತ್ತದೆ. ‘ಆಧಾರ್‌ನಲ್ಲಿ ಇರುವಂತೆ ಪೂರ್ಣ ಹೆಸರು’ ಎಂಬ ಒಂದೇ ಪೆಟ್ಟಿಗೆ, ಚುಕ್ಕೆಗೂ ಖಾಲಿ ಜಾಗಕ್ಕೂ ಅನುಮತಿ, ಅಷ್ಟು ಮಾಡಿದರೆ ಸಾಕು.

ಗುರುತಿಗಾಗಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲು ಹೇಳುವ ಹೆಜ್ಜೆ ನಿಮ್ಮಲ್ಲಿದ್ದರೆ ಬದಲಿ ದಾರಿ ಸೇರಿಸಲೇಬೇಕು. ಆ್ಯಸಿಡ್ ದಾಳಿಗೆ ಒಳಗಾದವರೂ ದೃಷ್ಟಿ ಇಲ್ಲದವರೂ ಅದನ್ನು ಮಾಡಲಾರರು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿ, ಇ-ಕೆವೈಸಿ (ಆನ್‌ಲೈನ್ ಗುರುತು ಪರಿಶೀಲನೆ) ಬದಲಿಸಲು 20 ನಿರ್ದೇಶನಗಳನ್ನು ಕೊಟ್ಟಿದೆ.

ಪ್ರಶ್ನೆ: ಇಂಜಿನಿಯರಿಂಗ್ ಮುಗಿಸಿದ್ದೇನೆ. ಈ ಕ್ಷೇತ್ರಕ್ಕೆ ಬರಲು ಏನು ಮಾಡಲಿ? (ಕಲಬುರಗಿ)

ಸ್ನಾತಕೋತ್ತರ ಓದಬೇಕಿದ್ದರೆ ಐಐಟಿಗಳಿಗೆ ಸೀಡ್ ಪರೀಕ್ಷೆ, ಎನ್‌ಐಡಿಗೆ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಅದರದೇ ಡ್ಯಾಟ್ ಪರೀಕ್ಷೆ. ಐಐಟಿ ಬಾಂಬೆಯ ವಿನ್ಯಾಸ ಶಾಲೆ ಐಡಿಸಿ 1969ರಿಂದ ಇದೆ, ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ಸಿನಲ್ಲೂ ಇಂಟರಾಕ್ಷನ್ ಡಿಸೈನ್ ಇದೆ. ಓದದೆಯೂ ಬರಬಹುದು, ಆಗ ಪೋರ್ಟ್‌ಫೋಲಿಯೊ (ನೀವು ಮಾಡಿದ ಕೆಲಸಗಳ ಸಂಗ್ರಹ) ಮಾತಾಡಬೇಕು. ಅದರಲ್ಲಿ ಹೊಳೆಯುವ ಹತ್ತು ಪರದೆಗಿಂತ ಒಂದೇ ಸಮಸ್ಯೆಯನ್ನು ಪೂರ್ತಿ ತೋರಿಸಿ: ನಿಮ್ಮೂರಿನ ಎಪಿಎಂಸಿಯಲ್ಲಿ ತೊಗರಿ ದರ ತಿಳಿಯುವುದು, ಆಸ್ಪತ್ರೆಯ ಸರದಿ ಚೀಟಿ, ಯಾವುದಾದರೂ ಸರಿ. ನೆಟ್‌ವರ್ಕ್ ಹೋದಾಗ ಏನು ಕಾಣುತ್ತದೆ, ಪಟ್ಟಿ ಖಾಲಿ ಇದ್ದಾಗ ಏನು, ತಪ್ಪು ತುಂಬಿದಾಗ ಏನು, ಅಕ್ಷರ 200% ಆದಾಗ ಏನು ಎಂಬ ನಾಲ್ಕು ಪರದೆಗಳು ಅದರಲ್ಲಿರಲಿ. ಸಂದರ್ಶನ ಮಾಡುವವರು ಮೊದಲು ಹುಡುಕುವುದು ಅವನ್ನೇ.